ತೂಬು ತೆರೆದಿದ್ದ ಹೊತ್ತು

ನನ್ನ ಕೆಲಸದ ಮೇಲೆ ನನಗೆ ಹೇಸಿಗೆ ಹುಟ್ಟಿ ಎರಡು ವರ್ಷವಾಗುತ್ತ ಬಂತು. ಅದಕ್ಕೂ ಮೊದಲು ಹೇಸಿಗೆ ಇದ್ದದ್ದು ಕೆಲಸದ ಜಾಗದ ಮೇಲೆ ಮಾತ್ರ. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ, ಒಂದು ಹಳೆಯ ಕಟ್ಟಡದ ಕೆಳಗೆ ನಮ್ಮ ಟೈಪಿಂಗ್ ಸೆಂಟರ್. ವೀಸಾ, ಐಡಿ ಕಾರ್ಡು, ಕೆಲಸದ ಕರಾರು, ಅಫಿಡವಿಟ್ಟು, ಯಾವುದಕ್ಕೇ ಆಗಲಿ ಜನ ಕಾಗದಪತ್ರ ಹಿಡಿದುಕೊಂಡು ಬರುತ್ತಾರೆ, ನಾವು ಅರ್ಜಿ ಟೈಪ್ ಮಾಡಿ ಕೊಡುತ್ತೇವೆ. ಏಸಿಯಿಂದ ತೊಟ್ಟಿಕ್ಕುವ ನೀರು ಕಾರ್ಪೆಟ್ಟಿಗೆ ಇಳಿದು ಅದು ವರ್ಷವಿಡೀ ಒಣಗದ ಗೋಣಿಯ ಹಾಗೆ ನಾರುತ್ತದೆ. ಕಾಯುವ ಗಿರಾಕಿಗಳು ಚಹಾ ಕುಡಿದ ಕಾಗದದ ಲೋಟದೊಳಗೇ ಸಿಗರೇಟು ತುರುಕಿ ನನ್ನ ಮೇಜಿನ ಮೂಲೆಯಲ್ಲಿ ಇಟ್ಟು ಹೋಗುತ್ತಾರೆ. ಗಮ್ಮಿನ ಬಾಟಲಿಗೆ ಬೆರಳು ಅದ್ದಿದವರು ಆ ಬೆರಳನ್ನು ಕುರ್ಚಿಗೆ ಒರೆಸಿರುತ್ತಾರೆ. ಸಂಜೆ ಮನೆಗೆ ಹೋದರೆ ಮೊದಲು ಸ್ನಾನ, ಆಮೇಲೆ ಮಾತು. ಅಷ್ಟರೊಳಗೆ ಹತ್ತಿರ ಹೋದರೆ ಮಗಳು ಮೂಗು ಮುಚ್ಚಿಕೊಂಡು ಇಂಗ್ಲಿಷಿನಲ್ಲಿ ಏನೋ ಹೇಳಿ ದೂರ ಸರಿಯುತ್ತಾಳೆ.

ಸೆಂಟರ್ ನಡೆಸುವವರು ಪುತ್ತೂರು ಕಡೆಯ ಬ್ಯಾರಿ. ಎಲ್ಲರೂ ಹಾಜಿಯವರು ಎನ್ನುತ್ತಾರೆ. ನಾನು ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್, ನಮ್ಮ ಹೆಂಗಸರನ್ನು ಊರಲ್ಲಿ ಕರೆಯುವ ಹಾಗೆ ಅವರಿಗೆ ನಾನು ಬಾಯಮ್ಮ. ಅವರಿಗೆ ಕೊಂಕಣಿ ಬಾರದು, ನನಗೆ ಬ್ಯಾರಿ ಭಾಷೆ ಬಾರದು, ಇಬ್ಬರ ನಡುವೆ ಊರಿನ ಕನ್ನಡವೇ ಸೇತುವೆ. ಕೆಲಸಕ್ಕೆ ಸೇರಿದ ಮೊದಲ ದಿನ ಅವರು ಕಲಿಸಿದ್ದು ಒಂದೇ ಪಾಠ.

"ಒಂದು ಫೈಲಿನಲ್ಲಿ ಎರಡು ಕಾಗದ ಎರಡು ಮಾತು ಹೇಳ್ಬಾರ್ದು ಬಾಯಮ್ಮ. ಹೇಳಿದ್ರೆ ಫೈಲ್ ವಾಪಸ್. ಮತ್ತೆ ಖಲಾಸ್."

ಆ ಪಾಠ ನನಗೆ ಹೊಸದಾಗಿರಲಿಲ್ಲ. ನಾನು ಹುಟ್ಟಿದ್ದು ಸೆಪ್ಟೆಂಬರಿನಲ್ಲಿ ಬರುವ ಮೇರಿ ಮಾತೆಯ ಮೊಂತಿ ಹಬ್ಬದ ಮರುದಿನ. ಇಗರ್ಜಿಯ ಪುಸ್ತಕದಲ್ಲಿ ಹಾಗೇ ಬರೆದಿದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ನಮ್ಮೂರಿನ ಅರ್ಧ ಮಕ್ಕಳಿಗೆ ಹಾಕಿದ ಹಾಗೆ ನನಗೂ ಜೂನ್ ಒಂದು ಎಂದು ಹಾಕಿದರು. ಮದುವೆಯ ಸರ್ಟಿಫಿಕೇಟಿನಲ್ಲಿ ಇಗರ್ಜಿಯ ತಾರೀಕು, ಪಾಸ್‌ಪೋರ್ಟಿನಲ್ಲಿ ಮೇಷ್ಟ್ರ ತಾರೀಕು. ಆಗಿನ್ನೂ ದುಬೈಯಲ್ಲಿದ್ದ ಗಂಡ ಅಲ್ಲಿನ ಕರಾಮದಲ್ಲಿ ಕೋಣೆ ಹಿಡಿದು ಕಾಯುತ್ತಿದ್ದಾಗ ನನ್ನ ವೀಸಾದ ಫೈಲು ಇದೇ ಕಾರಣಕ್ಕೆ ವಾಪಸಾಯಿತು. ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಪಾದ್ರಿಯ ಮನೆ, ನೋಟರಿಯ ಅಂಗಡಿ ಎಂದು ಆರು ತಿಂಗಳು ಅಲೆದು, ಕೊನೆಗೆ ಎಲ್ಲ ಕಾಗದದಲ್ಲೂ ಜೂನ್ ಒಂದು ಎಂದೇ ಮಾಡಿಸಿದೆ. ಈಗ ಪ್ರತಿ ವರ್ಷ ಜೂನ್ ಒಂದಕ್ಕೆ ಬ್ಯಾಂಕಿನಿಂದ ಶುಭಾಶಯದ ಮೆಸೇಜು ಬರುತ್ತದೆ. ಮೊಂತಿ ಹಬ್ಬದ ಮರುದಿನ ಗಂಡನಿಗೂ ನೆನಪಾಗುವುದಿಲ್ಲ. ಸುಳ್ಳು ತಾರೀಕಿನಿಂದಲೇ ಸಂಸಾರ ಒಂದಾದ ಮೇಲೆ ನಿಜದ ತಾರೀಕಿನ ಗೊಡವೆ ಯಾರಿಗೆ ಬೇಕು ಎಂದು ನಾನೂ ಸುಮ್ಮನಾದೆ.

ನಮ್ಮ ಸೆಂಟರಿಗೆ ಆ ಇಂಗ್ಲಿಷ್ ಮುದುಕ ಬಂದಾಗ ಕೆಲಸ ಕಡಿಮೆಯಾಗಿತ್ತು. ಎಲ್ಲ ಅರ್ಜಿಗಳೂ ಮೊಬೈಲಿಗೆ ಬಂದು, ಮೊಬೈಲಿನಲ್ಲಿ ತುಂಬಲು ತಿಳಿಯದವರು ಮಾತ್ರ ನಮ್ಮ ಹತ್ತಿರ ಬರುತ್ತಿದ್ದರು. ಮುದುಕರಿಗೆ ಎಂಬತ್ತು ದಾಟಿತ್ತು. ಇಲ್ಲಿನ ಯಾವುದೋ ಶಾಲೆಯಲ್ಲಿ ಪಾಠ ಹೇಳುವ ಮಗಳ ಜೊತೆಗೆ ಇದ್ದರು. ಅವರ ಕಣ್ಣಿನ ನಡುಭಾಗ ಸತ್ತುಹೋಗಿತ್ತು, ಅಂಚಿನಲ್ಲಿ ಮಾತ್ರ ಕಾಣುತ್ತಿತ್ತು. ನನ್ನನ್ನು ನೋಡಬೇಕಾದರೆ ಮುಖ ಓರೆ ಮಾಡಿ, ನನ್ನ ಪಕ್ಕದಲ್ಲಿ ಯಾರೋ ನಿಂತಿದ್ದಾರೆ ಎಂಬಂತೆ ನೋಡುತ್ತಿದ್ದರು. ನೇರವಾಗಿ ತಿರುಗಿದರೆ ನಾನು ಅವರಿಗೆ ಇಲ್ಲವೇ ಇಲ್ಲ. ಇದನ್ನು ಅವರೇ ನಗುತ್ತ ಹೇಳಿದ್ದರು.

ಬಟ್ಟೆಯ ಚೀಲದಲ್ಲಿ ಒಂದು ಕಟ್ಟು ಕಾಗದ ತಂದಿದ್ದರು. ಇಂಗ್ಲೆಂಡಿನ ಉತ್ತರಕ್ಕೆ ಉಣ್ಣೆ ಗಿರಣಿ ಇದ್ದ ಒಂದು ಹಳ್ಳಿ ಅವರ ಊರು. ಆ ಊರಿನ ಮುದುಕ ಮುದುಕಿಯರು, ಊರು ಬಿಟ್ಟವರು, ಇನ್ನೂ ಅಲ್ಲೇ ಇರುವವರು ಎಲ್ಲ ಸೇರಿ ಹದಿನೇಳು ಮಂದಿ ತಮ್ಮ ಬಾಲ್ಯದ ನೆನಪುಗಳನ್ನು ಕೈಯಲ್ಲಿ ಬರೆದು ಇವರಿಗೆ ಕಳಿಸಿದ್ದರು. ಎಲ್ಲವನ್ನೂ ಟೈಪ್ ಮಾಡಿಸಿ ಪುಸ್ತಕ ಮಾಡಿಸಿ ಊರಿಗೆ ಕಳಿಸುವ ಆಸೆ. ಹೊರಗೆ ಟೈಪಿಂಗ್ ಎಂಬ ಬೋರ್ಡು ಕಂಡು, ಇಲ್ಲಿ ಏನನ್ನಾದರೂ ಟೈಪ್ ಮಾಡುತ್ತಾರೆ ಎಂದುಕೊಂಡು ಒಳಗೆ ಬಂದಿದ್ದರು. ಸುಮ್ಮನೆ ಕೂರುವುದಕ್ಕಿಂತ ಇದಾದರೂ ಇರಲಿ ಎಂದು ಹಾಜಿಯವರು ಒಪ್ಪಿಕೊಂಡು ನನ್ನ ಮೇಜಿಗೆ ಕಳಿಸಿದರು.

ಮೊದಲ ಕಾಗದ ಓದಿದಾಗಲೇ ನನಗೆ ಊಟ ಸೇರಲಿಲ್ಲ. ಇಂಗ್ಲಿಷರು ಎಂದರೆ ಬಿಳಿ ಮೇಜುಬಟ್ಟೆ, ಸಣ್ಣ ಚಮಚ, ಸೋಪಿನ ಪರಿಮಳ ಎಂದು ನಾನು ತಿಳಿದಿದ್ದೆ. ಇಲ್ಲಿ ನೋಡಿದರೆ ನಾಲ್ಕು ಮನೆಗೆ ಒಂದು ಕಕ್ಕಸು, ಅದೂ ಅಂಗಳದ ಆಚೆ, ಬಾಗಿಲಿನ ಕೆಳಗೆ ಒಂದು ಗೇಣು ಸಂದು. ಹಳೆಯ ಪೇಪರನ್ನು ಚೌಕವಾಗಿ ಕತ್ತರಿಸಿ ದಾರಕ್ಕೆ ಪೋಣಿಸಿ ತೂಗುಹಾಕುತ್ತಿದ್ದರಂತೆ, ಒರೆಸಿಕೊಳ್ಳುವುದಕ್ಕೆ. ಒಬ್ಬ ಮುದುಕ ತಾನು ಓದು ಕಲಿತದ್ದೇ ಅಲ್ಲಿ ಕೂತು ಎಂದು ಹೆಮ್ಮೆಯಿಂದ ಬರೆದಿದ್ದ. ವಾರಕ್ಕೊಮ್ಮೆ ಅಡುಗೆಮನೆಯಲ್ಲಿ ತಗಡಿನ ತೊಟ್ಟಿ ಇಟ್ಟು ಸ್ನಾನ: ಮೊದಲು ಅಪ್ಪ, ಆಮೇಲೆ ಅಮ್ಮ, ಆಮೇಲೆ ಮಕ್ಕಳು ಸಾಲಾಗಿ, ಎಲ್ಲರಿಗೂ ಅದೇ ನೀರು. ಕೊನೆಯ ಮಗು ಇಳಿಯುವ ಹೊತ್ತಿಗೆ ನೀರಿನ ಮೇಲೆ ಬೂದು ಕೆನೆ ಕಟ್ಟಿರುತ್ತಿತ್ತಂತೆ. ಆ ಕೊನೆಯ ಮಗುವೇ ಈಗ ಮುದುಕಿಯಾಗಿ, ಆ ಬೆಚ್ಚಗಿನ ನೀರಿನ ಸುಖ ಮತ್ತೆ ಸಿಗಲಿಲ್ಲ ಎಂದು ಬರೆದಿದ್ದಳು. ಇನ್ನೊಬ್ಬಳ ಅಜ್ಜಿಯ ಕಾಲದಲ್ಲಿ ಉಣ್ಣೆ ತೊಳೆಯಲಿಕ್ಕೆ ಮನೆಮನೆಯಿಂದ ಮೂತ್ರವನ್ನು ಬಕೀಟಿನಲ್ಲಿ ಸಂಗ್ರಹಿಸಿ ಗಿರಣಿಗೆ ಒಯ್ಯುತ್ತಿದ್ದರಂತೆ. ಅದೇ ಉಣ್ಣೆಯ ಶಾಲು ಹೊದ್ದು ದೊಡ್ಡ ಊರಿನ ಹೆಂಗಸರು ಇಗರ್ಜಿಗೆ ಹೋಗುತ್ತಿದ್ದರು. ಛೀ, ಇವರೇ ಅಲ್ಲವೇ ನಮ್ಮ ಅಜ್ಜಂದಿರಿಗೆ ಶುಚಿತ್ವದ ಪಾಠ ಹೇಳಿದವರು ಎಂದು ನಾನು ಟೈಪ್ ಮಾಡುತ್ತಲೇ ಗೊಣಗಿದೆ. ಹಂದಿ ಕೊಂದ ದಿನ ಅದರ ಮೂತ್ರಕೋಶಕ್ಕೆ ಗಾಳಿ ಊದಿ ಮಕ್ಕಳು ಚೆಂಡು ಆಡಿದ ಕಥೆಗೆ ಬಂದಾಗ ಎದ್ದು ಹೋಗಿ ಕೈ ತೊಳೆದುಕೊಂಡು ಬಂದೆ.

ನನ್ನ ಮುಖ ಮುದುಕರಿಗೆ ಕಾಣುತ್ತಿರಲಿಲ್ಲವಾದರೂ ಓದುವ ದನಿಯಲ್ಲಿ ಹೇಸಿಗೆ ತಿಳಿಯುತ್ತಿತ್ತು. ಒಂದು ದಿನ ನಗುತ್ತ ನಿಮ್ಮ ಮನೆಯಲ್ಲಿ ಹೇಗೆ ಎಂದು ಕೇಳಿದರು. ನಾನು ತಡವರಿಸಿದೆ. ಹಳೆಯ ವಿಲ್ಲಾ ಒಂದನ್ನು ಹಲಗೆ ಹೊಡೆದು ಭಾಗ ಮಾಡಿದ ಮನೆಯಲ್ಲಿ ನಮ್ಮದೂ ಒಂದು ಭಾಗ. ನಾಲ್ಕು ಸಂಸಾರಕ್ಕೆ ಒಂದು ಬಾತ್‌ರೂಮು. ತೊಳೆಯುವ ಸರದಿಯ ಪಟ್ಟಿಯನ್ನು ಬಾಗಿಲಿಗೆ ಅಂಟಿಸಿದ್ದೇವೆ. ಜಾಲರಿಯಲ್ಲಿ ಸಿಕ್ಕಿದ ಕೂದಲು ಯಾರದು ಎಂದು ಬೆಳಿಗ್ಗೆ ಆರಕ್ಕೇ ಜಗಳ ಶುರುವಾಗುತ್ತದೆ. ಮುದುಕರಿಗೆ ಇದನ್ನು ಹೇಳಿದ್ದೇ ತಡ, ತೊಡೆ ತಟ್ಟಿ ನಕ್ಕು, ಹಾಗಾದರೆ ನೀವೂ ನಮ್ಮ ಊರಿನವರೇ ಎಂದರು. ನನಗೆ ಅವರ ಊರಿನ ಮೇಲಿದ್ದ ಹೇಸಿಗೆಯಲ್ಲಿ ಅರ್ಧ ನನ್ನ ಮನೆಯ ಮೇಲಿನದೇ ಎಂದು ಅವತ್ತು ತಿಳಿಯಿತು. ಆಮೇಲೆ ಅವರ ಮೇಲೆ ಒಂದು ಬಗೆಯ ಸಲಿಗೆ ಬೆಳೆಯಿತು. ವಾರಕ್ಕೆ ಎರಡು ದಿನ ಬರುತ್ತಿದ್ದರು. ನಾನು ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದುವುದು, ಅವರು ಕಣ್ಣು ಮುಚ್ಚಿ ಕೇಳುವುದು. ಒಪ್ಪಿದ ಮೇಲೆ ಮುಂದಿನ ಕಾಗದ.

ಆ ಹದಿನೇಳು ಮಂದಿಯಲ್ಲಿ ಏಳು ಮಂದಿ ಒಂದು ಪ್ರವಾಹದ ಬಗ್ಗೆ ಬರೆದಿದ್ದರು. ಊರಿನ ಮೇಲ್ಗಡೆ ಗಿರಣಿಯ ಕೆರೆ. ಅದಕ್ಕೊಂದು ತೂಬು. ಒಂದು ಭಾನುವಾರ ಯಾರೋ ಆ ತೂಬನ್ನು ತೆರೆದವರು ಮುಚ್ಚಲಿಲ್ಲ. ರಾತ್ರಿ ಜೋರು ಮಳೆ ಬಂದು, ತೆರೆದ ತೂಬಿನಿಂದ ನೀರು ನುಗ್ಗಿ, ಕೆಳಗಿನ ಸಾಲಿನ ಮನೆಗಳಿಗೆ ತುಂಬಿತು. ಕಾಲು ಊನವಾಗಿದ್ದ ಒಬ್ಬ ಚಪ್ಪಲಿ ಹೊಲಿಯುವವನು ಮಂಚದಿಂದ ಏಳಲಾರದೆ ಮುಳುಗಿ ಸತ್ತ. ತೂಬು ತೆರೆದವನು ಎಂದು ಊರೆಲ್ಲ ಬೆರಳು ತೋರಿದ್ದು ಈ ಮುದುಕರ ಅಣ್ಣನ ಕಡೆಗೆ. ಅಣ್ಣನಿಗೆ ಆಗ ಹತ್ತೊಂಬತ್ತು, ಇವರಿಗೆ ಏಳು. ಭಾನುವಾರ ಸಂಜೆ ತೂಬು ಎತ್ತಿ ಹಾವುಮೀನು ಹಿಡಿಯುವ ಚಾಳಿ ಅಣ್ಣನಿಗಿತ್ತು. ಅವತ್ತು ಸಂಜೆಯೂ ಅತ್ತ ಹೋದದ್ದನ್ನು ಜನ ಕಂಡಿದ್ದರು. ತಾನು ಹೋಗುವಾಗಲೇ ತೂಬು ತೆರೆದಿತ್ತು, ಗಿರಣಿಯವರೇ ತೆರೆದಿರಬೇಕು ಎಂದು ಮುಟ್ಟದೆ ಬಂದೆ ಎಂದು ಅವನು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಸ್ವಂತ ತಾಯಿಯೂ ನಂಬಲಿಲ್ಲವಂತೆ. ಅವನು ಹಡಗು ಹತ್ತಿ ಹೋದವನು ಊರಿಗೆ ಮತ್ತೆ ಕಾಲಿಡದೆ ಯಾವುದೋ ದೂರದೇಶದಲ್ಲಿ ಸತ್ತ. ಇದನ್ನೆಲ್ಲ ಮುದುಕರು ಒಮ್ಮೆ ಮಾತ್ರ ಹೇಳಿದರು. ಕೊನೆಗೆ, ಸಾಯುವ ಮೊದಲು ಅಣ್ಣನ ಹೆಸರಿಗೆ ಹತ್ತಿದ ಕೆಸರು ತೊಳೆಯಬೇಕು, ಅದಕ್ಕೇ ಈ ಪುಸ್ತಕ ಎಂದರು. ಹೇಗೆ ತೊಳೆಯುತ್ತೀರಿ ಎಂದು ನಾನು ಕೇಳಲಿಲ್ಲ.

ಏಳರಲ್ಲಿ ಕೊನೆಯದು ನೀಲಿ ದಪ್ಪ ಕಾಗದದಲ್ಲಿ ತೊಂಬತ್ತರ ಹತ್ತಿರದ ಒಬ್ಬ ಅಜ್ಜಿ ಬರೆದದ್ದು. ಬರೆದ ಕೆಲವೇ ವಾರಕ್ಕೆ ತೀರಿಕೊಂಡರಂತೆ. ಆಕೆಗೆ ಅಣ್ಣನ ವಿಚಾರವೇ ಮುಖ್ಯವಾಗಿರಲಿಲ್ಲ. ಪ್ರವಾಹ ಬಂದ ಭಾನುವಾರ ತಾನು ಹೊಸ ಬಿಳಿ ಕಾಲುಚೀಲ ಹಾಕಿಕೊಂಡು ಪ್ರಾರ್ಥನೆಗೆ ಹೋಗಿದ್ದೆ, ಮಧ್ಯಾಹ್ನ ಹಿಂದೆ ಬರುವಾಗ ತೂಬು ತೆರೆದಿತ್ತು, ದಾರಿಯ ಮೇಲೆಲ್ಲ ನೀರು ಹರಿದು ಕಾಲುಚೀಲ ಕೆಸರಾಯಿತು, ಅಮ್ಮ ಕೆನ್ನೆಗೆ ಹೊಡೆದಳು, ಆ ಪೆಟ್ಟು ಇನ್ನೂ ಮರೆತಿಲ್ಲ. ಇಷ್ಟೇ. ಇದನ್ನು ನಾನು ಓದಿ ಹೇಳಿದಾಗ ಮುದುಕರು ಮತ್ತೊಮ್ಮೆ ಓದಲು ಹೇಳಿದರು. ಮೂರನೆಯ ಸಲವೂ ಓದಿಸಿದರು. ಆಮೇಲೆ ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ನಿದ್ದೆ ಹತ್ತಿರಬೇಕು ಎಂದುಕೊಂಡು ನಾನು ಮೊಬೈಲು ನೋಡುತ್ತ ಕೂತೆ. ಎದ್ದವರು, ಇದರ ಜೊತೆಗೆ ನಾನು ಒಂದು ಮಾತೂ ಸೇರಿಸುವುದಿಲ್ಲ, ಓದಿದವರಿಗೆ ತಾವಾಗಿ ಗೊತ್ತಾಗಲಿ, ಹೀಗೇ ಇರಲಿ ಎಂದರು. ನಾನು ಆಗಲಿ ಎಂದೆ. ನಾನೆಲ್ಲಿ ಓದುತ್ತಿದ್ದೆ? ಹೊಂದಿಸುತ್ತಿದ್ದೆ. ನಮ್ಮ ಕಸುಬಿನಲ್ಲಿ ಓದುವುದು ಎಂದರೆ ಅದೇ.

ಪುಸ್ತಕ ಅಚ್ಚಿಗೆ ಹೋಗುವ ದಿನ ಪ್ರೆಸ್ಸಿನವನು ಬಂದು ಎದುರಿಗೆ ಕೂತಿದ್ದ. ಯಲ್ಲಾ ಯಲ್ಲಾ ಎಂದು ಅವಸರ ಮಾಡುತ್ತಿದ್ದ. ಯಾವ ಫೈಲನ್ನೇ ಆಗಲಿ ಕೈಬಿಡುವ ಮೊದಲು ಕೊನೆಯ ಸಲ ಎಲ್ಲ ಕಾಗದಗಳನ್ನು ಒಂದಕ್ಕೊಂದು ತಾಳೆ ನೋಡುವುದು ನಮ್ಮ ಪದ್ಧತಿ. ಹಾಗೆಯೇ ಇದನ್ನೂ ನೋಡಿದೆ. ಒಬ್ಬರು ಗಿರಣಿಯ ಚಿಮಣಿ ಬಿದ್ದ ವರ್ಷವನ್ನು ಒಂದು ಹೆಚ್ಚು ಬರೆದಿದ್ದರು, ಸರಿ ಮಾಡಿದೆ. ಇಬ್ಬರು ಒಂದೇ ಅಂಗಡಿಯ ಬಾಗಿಲಿಗೆ ಎರಡು ಬಣ್ಣ ಹೇಳಿದ್ದರು, ಒಂದೇ ಬಣ್ಣ ಮಾಡಿದೆ. ಪ್ರವಾಹಕ್ಕೆ ಬಂದಾಗ ಆರು ಮಂದಿ ತೂಬು ತೆರೆದದ್ದು ಸಂಜೆ ಎಂದಿದ್ದಾರೆ, ಒಬ್ಬ ಅಜ್ಜಿ ಮಾತ್ರ ಮಧ್ಯಾಹ್ನ ಎಂದಿದ್ದಾಳೆ. ಪಾಪ, ವಯಸ್ಸಾದ ಜೀವ, ಹೊತ್ತು ಮರೆತಿರಬೇಕು. ಆ ಊರಿನಲ್ಲಿ ಭಾನುವಾರ ಸಂಜೆಯೂ ಪ್ರಾರ್ಥನೆ ಇರುತ್ತಿತ್ತು ಎಂದು ಬೇರೆ ಕಾಗದಗಳಿಂದ ನನಗೆ ಗೊತ್ತಿತ್ತು. ಮುದುಕರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಪ್ರೆಸ್ಸಿನವನು ಗಡಿಯಾರ ನೋಡಿದ. ನಾನು ಮಧ್ಯಾಹ್ನ ಅಳಿಸಿ ಸಂಜೆ ಎಂದು ಹಾಕಿದೆ. ಒಂದೇ ಪದ. ಹಾಕಿ, ಒಳ್ಳೆಯ ಕೆಲಸ ಮಾಡಿದ ಖುಷಿಯಲ್ಲಿ ಚಹಾ ತರಿಸಿ ಕುಡಿದೆ.

ಪುಸ್ತಕ ಚಂದವಾಗಿ ಬಂತು. ಮುದುಕರು ಅದನ್ನು ಮೂಸಿ ನೋಡಿದರು, ಬೆನ್ನು ಸವರಿದರು. ನನಗೂ ಹಾಜಿಯವರಿಗೂ ಒಂದೊಂದು ಪ್ರತಿ ಕೊಟ್ಟರು. ಮಿಕ್ಕದ್ದನ್ನು ಮಗಳು ಪೆಟ್ಟಿಗೆ ಕಟ್ಟಿ ಊರಿಗೆ ಕಳಿಸಿದಳು. ಅದಾಗಿ ಎರಡು ತಿಂಗಳ ಮೇಲೆ, ಸೆಪ್ಟೆಂಬರಿನ ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅವರು ಅದೇ ಬಟ್ಟೆಯ ಚೀಲ ಹಿಡಿದು ಬಂದರು. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಊರಿನಿಂದ ಕಾಗದ ಬಂದಿದೆ, ಮಗಳು ಶಾಲೆಗೆ ಹೋಗಿದ್ದಾಳೆ, ಸಂಜೆಯ ತನಕ ಕಾಯಲಾಗಲಿಲ್ಲ ಎಂದರು. ಮುಖದಲ್ಲಿ ಪರೀಕ್ಷೆಯ ಫಲಿತಾಂಶಕ್ಕೆ ಬಂದವರ ಕಳೆ ಇತ್ತು.

ಕಾಗದ ಬರೆದವರು ಊರಿನ ಚರಿತ್ರೆಯ ಸಂಘವನ್ನು ನೋಡಿಕೊಳ್ಳುವ ಒಬ್ಬ ಹೆಂಗಸು. ನಾನು ಎಂದಿನಂತೆ ಗಟ್ಟಿಯಾಗಿ ಓದತೊಡಗಿದೆ. ಪುಸ್ತಕವನ್ನು ಊರಿನ ಸಭೆಯಲ್ಲಿ ಓದಿದೆವು, ಎಲ್ಲರಿಗೂ ಸಂತೋಷವಾಯಿತು. ತೂಬಿನ ವಿಚಾರದಲ್ಲಿ ಕೆಲವರಿಗೆ ಹಳೆಯ ಅನುಮಾನ ಒಂದಿತ್ತು, ಈಗ ಆ ಅಜ್ಜಿಯೂ ಸಂಜೆ ಎಂದೇ ಬರೆದಿರುವುದರಿಂದ ಅದೂ ಮುಗಿಯಿತು. ಅಣ್ಣನ ಮೇಲೆ ಅಷ್ಟು ಪ್ರೀತಿ ಇದ್ದರೂ ನೀವು ಸತ್ಯವನ್ನು ಮುಚ್ಚಿಡದೆ ಅಚ್ಚು ಹಾಕಿಸಿದ್ದು ದೊಡ್ಡ ಗುಣ.

ಅಲ್ಲಿಗೆ ಓದುವುದನ್ನು ನಿಲ್ಲಿಸಿದೆ. ಅಣ್ಣ ತೂಬಿನ ಹತ್ತಿರ ಹೋದದ್ದು ಸಂಜೆ. ಮಧ್ಯಾಹ್ನವೇ ಅದು ತೆರೆದಿದ್ದರೆ ತೆರೆದವನು ಅವನಲ್ಲ. ಅಷ್ಟು ವರ್ಷಗಳಲ್ಲಿ ಅಣ್ಣನ ಪರವಾಗಿ ಇದ್ದ ಒಂದೇ ಒಂದು ಸಾಕ್ಷಿ ಆ ಕೆಸರಾದ ಕಾಲುಚೀಲ. ಅದಕ್ಕೇ ಮೂರು ಸಲ ಓದಿಸಿದ್ದರು. ಅದಕ್ಕೇ ಕಣ್ಣು ತೆರೆದಿರಲಿಲ್ಲ. ಆ ಸಾಕ್ಷಿಯನ್ನು ನಾನು ಕೈಹಿಡಿದು ಎತ್ತಿ ಆ ಕಡೆಯ ಸಾಲಿನಲ್ಲಿ ನಿಲ್ಲಿಸಿದ್ದೆ.

ಮುದುಕರು ಚೀಲಕ್ಕೆ ಕೈ ಹಾಕಿ, ಬೆರಳಿನಿಂದಲೇ ಹುಡುಕಿ ಆ ನೀಲಿ ದಪ್ಪ ಕಾಗದವನ್ನು ತೆಗೆದು ಮೇಜಿನ ಮೇಲೆ ಇಟ್ಟರು.

"ಅವಳು ಏನು ಬರೆದಿದ್ದಾಳೆ, ಇದರಲ್ಲಿ ಓದಿ ಹೇಳಿ," ಎಂದರು.

ಓದಿದೆ, ಮನಸ್ಸಿನೊಳಗೆ. ಮಧ್ಯಾಹ್ನ ಎಂದು ಗುಂಡಗೆ, ಶಾಲೆಯ ಮಕ್ಕಳ ಅಕ್ಷರದಲ್ಲಿ ಬರೆದಿತ್ತು. ಹಿಂದಿನ ಮೇಜಿನಿಂದ ಹಾಜಿಯವರು ನನ್ನನ್ನೇ ನೋಡುತ್ತಿದ್ದರು. ಅವರಿಗೆ ಪೂರ್ತಿ ಕಥೆ ಗೊತ್ತಿರಲಿಲ್ಲ, ಏನೋ ಎಡವಟ್ಟಾಗಿದೆ ಎಂದಷ್ಟೇ ಗೊತ್ತಾಗಿತ್ತು. ತುಟಿಯ ಮೇಲೆ ಬೆರಳಿಟ್ಟರು. ದೂರು ಹೋದರೆ ಸೆಂಟರಿಗೆ ಕಷ್ಟ, ಸೆಂಟರಿಗೆ ಕಷ್ಟವಾದರೆ ನನ್ನ ವೀಸಾಕ್ಕೆ ಕಷ್ಟ. ಇದೆಲ್ಲ ತಲೆಯಲ್ಲಿ ಹಾದುಹೋಯಿತು ಎಂದು ಬರೆದರೆ ಅದೂ ಒಂದು ನೆವವೇ ಆಗುತ್ತದೆ. ನಿಜ ಹೇಳಬೇಕೆಂದರೆ, ಅವರಿಗೆ ಓದಿ ಹೇಳುವವಳು ಅಲ್ಲಿ ನಾನೊಬ್ಬಳೇ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

"ಸಂಜೆ ಅಂತಲೇ ಇದೆ," ಎಂದೆ.

ಅವರು ಮುಖ ಓರೆ ಮಾಡಿ ನನ್ನನ್ನು ಹುಡುಕಿದರು. ನಾನು ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿದೆ. ಹಾಗಾದರೆ ನನಗೆ ಬೇಕಾದ್ದನ್ನೇ ನನ್ನ ಕಿವಿ ಕೇಳಿಸಿಕೊಂಡಿತು ಎಂದರು. ಮೂರು ಸಲವೂ ಎಂದು ತಮಗೆ ತಾವೇ ಹೇಳಿಕೊಂಡರು. ಕಾಗದವನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡು, ಬಾಗಿಲ ಬಳಿ ನಿಂತು ನನಗೆ ಥ್ಯಾಂಕ್ಸ್ ಹೇಳಿ ಹೋದರು.

ಬಾಗಿಲು ಮುಚ್ಚಿದ ಮೇಲೆ ಹಾಜಿಯವರು ಕುರ್ಚಿಗೆ ಒರಗಿದರು.

"ಒಳ್ಳೇದಾಯ್ತು ಬಾಯಮ್ಮ. ಈಗ ಪುಸ್ತಕದಲ್ಲಿಯೂ ಅದೇ, ಮುದುಕನ ತಲೆಯಲ್ಲಿಯೂ ಅದೇ. ಇನ್ನೆಂತ ಉಂಟು? ಮಾಫಿ ಮುಶ್ಕಿಲ್, ಏನೂ ತೊಂದರೆ ಇಲ್ಲ."

ಅವರು ಕೆಟ್ಟವರಲ್ಲ. ನನ್ನ ಮಗಳಿಗೆ ಹುಷಾರಿಲ್ಲದಾಗ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದ ಮನುಷ್ಯ. ನನಗೆ ಸಮಾಧಾನವಾಗಲಿ ಎಂದೇ ಹೇಳಿದ್ದರು. ಆದರೆ ಆ ಮಾತು ಕಿವಿಗೆ ಬಿದ್ದದ್ದೇ ಓಕರಿಕೆ ಬಂತು. ಓಡಿಹೋಗಿ ಹಿಂದಿನ ಬಾತ್‌ರೂಮಿನ ಬೇಸಿನ್ನಿಗೆ ಬಗ್ಗಿದೆ. ಬೆಳಿಗ್ಗೆ ತಿಂದ ಸಣ್ಣದೊಂದು ದೋಸೆ, ಹುಳಿ ನೀರು, ಎಲ್ಲ ಬಂತು. ಬೇಸಿನ್ನಿನ ಅಂಚಿಗೆ ಯಾರೋ ಉಗಿದದ್ದು ಒಣಗಿ ಅಂಟಿಕೊಂಡಿತ್ತು, ಅದರ ಪಕ್ಕದಲ್ಲೇ ನನ್ನದು. ಎದುರಿನ ಕನ್ನಡಿಯಲ್ಲಿ ಮುಖ ನೋಡಿಕೊಂಡೆ. ಮೂತ್ರದಲ್ಲಿ ತೊಳೆದ ಉಣ್ಣೆಯ ವಿಷಯ ಓದಿ ಮೂಗು ಮುರಿದವಳು ಇವಳೇ. ಅವರು ಹೇಸಿಗೆಯಲ್ಲಿ ತೊಳೆದು ಬಟ್ಟೆಯನ್ನಾದರೂ ಬಿಳಿ ಮಾಡಿದರು. ನಾನು ಅಚ್ಚುಕಟ್ಟು ಮಾಡುತ್ತೇನೆಂದು ಹೋಗಿ ಸತ್ತವನ ಮೈಗೆ ಮತ್ತೊಮ್ಮೆ ಕೆಸರು ಬಳಿದಿದ್ದೆ. ಅಷ್ಟು ಸಾಲದೆ ಕುರುಡನ ಮುಂದೆ ಕೂತು ಸುಳ್ಳು ಓದಿದ್ದೆ.

ಬಾಯಿ ತೊಳೆದುಕೊಂಡು ಹಾಗೇ ಹೊರಗೆ ಓಡಿದೆ. ಹಾಜಿಯವರು ಹಿಂದಿನಿಂದ ಏನೋ ಕರೆದರು. ಗಲ್ಲಿಯ ಬಿಸಿ ಮುಖಕ್ಕೆ ರಾಚಿತು. ಬಸ್ ಸ್ಟಾಪಿನ ಗಾಜಿನ ಕೋಣೆಯಲ್ಲಿ ಮುದುಕರು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಅವರ ಪಕ್ಕದಲ್ಲಿ ಆಸ್ಪತ್ರೆಯ ಸಮವಸ್ತ್ರದ ಒಬ್ಬ ಫಿಲಿಪಿನೊ ಹೆಂಗಸು, ಆಚೆ ಇಬ್ಬರು ಗಾರೆ ಕೆಲಸದವರು. ನಾನು ಅವರ ಮುಂದೆ ನಿಂತು, ಏದುಸಿರು ಬಿಡುತ್ತಲೇ ಎಲ್ಲ ಹೇಳಿದೆ. ಅಜ್ಜಿ ಬರೆದದ್ದು ಮಧ್ಯಾಹ್ನ, ಪುಸ್ತಕದಲ್ಲಿ ಸಂಜೆ ಮಾಡಿದ್ದು ನಾನು, ಯಾರೂ ಹೇಳಿದ್ದಲ್ಲ, ನನ್ನ ಅಭ್ಯಾಸಬಲ, ಈಗ ಓದುವಾಗ ಸುಳ್ಳು ಹೇಳಿದೆ, ನನ್ನನ್ನು ಕ್ಷಮಿಸಿ.

ಅವರು ಬಯ್ಯಲಿಲ್ಲ. ನಿಧಾನಕ್ಕೆ ನೀಲಿ ಕಾಗದ ತೆಗೆದು ಬಿಡಿಸಿದರು. ನನಗೇ ಕೊಡುತ್ತಾರೆ ಎಂದು ಕೈ ಚಾಚಿದೆ. ಅವರು ಅದನ್ನು ಪಕ್ಕದ ಹೆಂಗಸಿನ ಕಡೆಗೆ ಹಿಡಿದರು.

"ತೊಂದರೆ ಕೊಡುತ್ತಿದ್ದೇನೆ. ಕಾಲುಚೀಲ ಎಂದು ಬರುವ ಕಡೆ, ಹೊತ್ತು ಯಾವುದು ಎಂದು ಬರೆದಿದೆ?"

ಆಕೆ ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿದಳು. ಸಾಲುಗಳ ಮೇಲೆ ಬೆರಳು ಓಡಿಸುತ್ತ ಹುಡುಕಿದಳು. ಎಷ್ಟು ಹೊತ್ತಾಯಿತೋ, ಒಂದು ಬಸ್ಸು ಬಂದು ನಿಂತು ಹೋಯಿತು.

"ಮಧ್ಯಾಹ್ನ, ಸರ್. ಸ್ಪಷ್ಟವಾಗಿದೆ," ಎಂದಳು.

ಮುದುಕರು ಅವಳ ಕೈ ಹಿಡಿದು ಎರಡು ಸಲ ಥ್ಯಾಂಕ್ಸ್ ಹೇಳಿದರು. ಆಮೇಲೆ ಮುಖವನ್ನು ನೇರವಾಗಿ ನನ್ನ ಕಡೆ ತಿರುಗಿಸಿದರು. ಓರೆ ಮಾಡಲಿಲ್ಲ. ಮುಂದಿನ ಬಸ್ಸು ಬರುವ ತನಕ ಹಾಗೇ ಕೂತಿದ್ದರು, ನಾನು ಹಾಗೇ ನಿಂತಿದ್ದೆ.

ವಾರ ಕಳೆದ ಮೇಲೆ ನಮ್ಮ ಎದುರು ಸಾಲಿನ ಇನ್ನೊಂದು ಟೈಪಿಂಗ್ ಸೆಂಟರಿನಲ್ಲಿ ಅವರನ್ನು ಕಂಡೆ. ಗಲ್ಲಿ ಅಗಲವಿಲ್ಲ, ಗಾಜಿನ ಮೂಲಕ ಎಲ್ಲ ಕಾಣುತ್ತದೆ. ತಿದ್ದುಪಡಿಯ ಚೀಟಿ ಮಾಡಿಸಲು ಬಂದಿದ್ದರು. ಪ್ರತಿ ಪುಸ್ತಕಕ್ಕೂ ಅಂಟಿಸಲು ಊರಿಗೆ ಕಳಿಸುತ್ತಿದ್ದಾರೆ ಎಂದು ಆಮೇಲೆ ಅಲ್ಲಿಯ ಹುಡುಗಿಯಿಂದ ತಿಳಿಯಿತು. ಅವಳು ಟೈಪ್ ಮಾಡಿ ಪ್ರಿಂಟ್ ತೆಗೆದಳು, ಗಟ್ಟಿಯಾಗಿ ಓದಿ ಹೇಳಿದಳು. ಅವರು ಕಣ್ಣು ಮುಚ್ಚಿಕೊಳ್ಳದೆ ಕೇಳಿಸಿಕೊಂಡು ತಲೆಯಾಡಿಸಿದರು. ಆಮೇಲೆ ಆ ಕಾಗದವನ್ನು ಅವಳ ಕೈಯಿಂದ ತೆಗೆದುಕೊಂಡು, ಹಿಂದೆ ಸಾಲಿನಲ್ಲಿ ನಿಂತಿದ್ದ ಗುರುತಿಲ್ಲದ ಗಿರಾಕಿಯ ಕೈಗೆ ಕೊಟ್ಟು, ಅವನಿಂದ ಮತ್ತೊಮ್ಮೆ ಓದಿಸಿಕೊಂಡರು. ಅದನ್ನು ಅವರಿಗೆ ಕಲಿಸಿದವಳು ನಾನು.